ಮಳೆ ಕೇಳಿ ಊರು ಕೇಳುವ ಸೀಮೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಮೈಸೂರು ಜಿಲ್ಲೆಯ ಪಡುವಣ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಬಸ್ಸಿಗೆ ಕಾದು ನಿಂತ ಇಬ್ಬರು ಅಪರಿಚಿತರ ನಡುವೆ ಮಾತು ಹುಟ್ಟುವುದು ಸಾಮಾನ್ಯವಾಗಿ ಮಳೆಯಿಂದಲೇ. ‘ನಿಮ್ಮ ಕಡೆ ಮಳೆ ಹೆಂಗೆ?’ ಎಂಬುದು ಮೊದಲ ಪ್ರಶ್ನೆ, ‘ಯಾವೂರಾಯ್ತು?’ ಎಂಬುದು ಎರಡನೆಯದು. ಅಷ್ಟರಲ್ಲಿ ಮಾತಿನ ಧಾಟಿಯಿಂದಲೇ ಮಿಕ್ಕದ್ದು ತಿಳಿದಿರುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ನೆಲದಲ್ಲಿ ನಾಲ್ಕು ಹರದಾರಿ ನಡೆದರೆ ಮಳೆಯ ಲೆಕ್ಕ ಬೇರೆ, ನುಡಿಯ ವರಸೆಯೂ ಬೇರೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ಹುಣಸೂರಿಗೆ ಬರುವ ಹೊತ್ತಿಗೆ 800ರ ಆಸುಪಾಸಿಗೆ ಇಳಿದಿರುತ್ತದೆ. ಆದ್ದರಿಂದ ಇಲ್ಲಿನ ರೈತರಿಗೆ ಮಳೆಯ ಮಾತು ಹೊತ್ತು ಕಳೆಯುವ ಹರಟೆಯಲ್ಲ. ಭರಣಿ ಸುರಿದರೆ ಧರಣಿ ಬದುಕೀತು ಎಂದು ನಂಬಿ ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ಎಣಿಸುವ ರೂಢಿ ಇಂದಿಗೂ ಉಳಿದಿದೆ. ಹೆಚ್ಚು ಕಡಿಮೆ ಎರಡು ವಾರಕ್ಕೊಂದು ಮಳೆ. ಹಿಂದಿನದು ಕೈಕೊಟ್ಟರೆ ಮುಂದಿನದರ ಮೇಲೆ ಭರವಸೆ. ಕೃಷ್ಣರಾಜನಗರದ ಕಡೆಯವರ ವಿಚಾರಣೆ ಮಾತ್ರ ತುಸು ಬೇರೆ. ಚಾಮರಾಜ, ಮಿರ್ಲೆ, ರಾಮಸಮುದ್ರ ನಾಲೆಗಳಿಗೆ ನೀರು ಬರುವುದು ಕಾವೇರಿಯಿಂದಾದ್ದರಿಂದ ಅಲ್ಲಿನ ಭತ್ತದ ಗದ್ದೆಯವರಿಗೆ ತಮ್ಮೂರಿನ ಮಳೆಗಿಂತ ಕೊಡಗಿನ ಮಳೆಯ ಸುದ್ದಿ ಮುಖ್ಯ.

ನುಡಿಗಳ ಪದರಗಳಲ್ಲಿ ಹಳೆಯವು ಕಾಡಿನವು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿರುವ ಜೇನುಕುರುಬರ ಮಾತು ಕನ್ನಡಕ್ಕೆ ಹತ್ತಿರದ್ದು, ಯರವರ ಮಾತು ಮಲೆಯಾಳಂ ಕಡೆಗೆ ವಾಲುವಂಥದ್ದು. ಬೆಟ್ಟಕುರುಬರದು ಮತ್ತೊಂದು ಬಗೆ. ಇವುಗಳ ಮೇಲೆ ಅರಸರ, ವಲಸೆ ಬಂದವರ ಪದರಗಳು ಕೂಡಿದವು. ಪಿರಿಯಾಪಟ್ಟಣವನ್ನು ಚೆಂಗಾಳ್ವ ಅರಸರು ಆಳಿದರು. 17ನೇ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರು ಅದನ್ನು ಗೆದ್ದು ಮೈಸೂರಿಗೆ ಸೇರಿಸಿಕೊಂಡರು. ಅದೇ ತಾಲ್ಲೂಕಿನ ಬೆಟ್ಟದಪುರದಲ್ಲಿ ನೆಲೆಸಿದ ಸಂಕೇತಿಗಳು ಶತಮಾನಗಳ ಹಿಂದೆ ತಮಿಳುನಾಡಿನ ತೆಂಕಣ ಭಾಗದ ಸೆಂಗೋಟ್ಟೈ ಕಡೆಯಿಂದ ಬಂದವರೆಂಬುದು ಅವರ ಪರಂಪರೆಯ ನಂಬಿಕೆ. ತಮಿಳಿನ ಬುಡಕ್ಕೆ ಮಲೆಯಾಳಂ, ಕನ್ನಡಗಳು ಬೆರೆತ ಸಂಕೇತಿ ಮಾತು ಮನೆಯೊಳಗೆ ಉಳಿಯಿತು. ಹೊಸ್ತಿಲು ದಾಟಿದರೆ ಕನ್ನಡ. ಹೊರಗಿನಿಂದ ಬಂದವರು ಈ ಸೀಮೆಯಲ್ಲಿ ಬೇರೂರಿದ್ದು ಬಹುಮಟ್ಟಿಗೆ ಈ ಕ್ರಮದಲ್ಲೇ.

ಈ ದಾರಿಗಳಲ್ಲಿ ತಿರುಗಿ, ಕಂಡದ್ದನ್ನೂ ಕೇಳಿದ್ದನ್ನೂ ಇಂಗ್ಲಿಷಿನಲ್ಲಿ ಬರೆದಿಟ್ಟ ಮೊದಲಿಗರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಓದಿದ ಈ ವೈದ್ಯ, ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ. ದುಭಾಷಿಯನ್ನು ಜೊತೆಗಿಟ್ಟುಕೊಂಡು ಊರೂರಿನ ರೈತರನ್ನು ಕೂರಿಸಿ, ಮಳೆ ಯಾವಾಗ ಹಿಡಿಯುತ್ತದೆ, ಬಿತ್ತನೆ ಯಾವ ತಿಂಗಳು, ಹುಟ್ಟುವಳಿ ಎಷ್ಟು ಎಂದು ವಿಚಾರಿಸುವುದೇ ಅವನ ಕೆಲಸ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಪಿರಿಯಾಪಟ್ಟಣವು ‘ಪ್ರಿಯ ಪಟ್ಟಣ’ವಾಗಿದೆ, ಹೆಗ್ಗಡದೇವನಕೋಟೆ ‘ಹೆಗೊಡು ದೇವನ ಕೋಟೆ’ಯಾಗಿದೆ. ಸ್ಕಾಟಿಷ್ ಕಿವಿಗೆ ಕೇಳಿಸಿದಂತೆ ಬರೆದ ಹೆಸರುಗಳಿವು. ನಕ್ಕು ಬಿಡಬಹುದಾದರೂ, ದಾಖಲೆಯಾಗಿ ನೋಡಿದರೆ ಇವಕ್ಕೆ ಬೆಲೆಯಿದೆ. ಯುದ್ಧಗಳಿಂದ ನಲುಗಿದ ಪಿರಿಯಾಪಟ್ಟಣದ ಕೋಟೆ ಆಗ ಹಾಳುಬಿದ್ದಿತ್ತು. ಅವಶೇಷಗಳಲ್ಲಿ ಹುಲಿಗಳು ಬೀಡುಬಿಟ್ಟಿದ್ದವು, ತಪ್ಪಿಸಿಕೊಂಡು ಒಳಹೊಕ್ಕ ಕುದುರೆಯೊಂದನ್ನು ಕೊಂದಿದ್ದವು, ಹಾಡಹಗಲಲ್ಲೂ ಒಬ್ಬರೇ ಅಲ್ಲಿಗೆ ಹೋಗಲು ಜನ ಅಂಜುತ್ತಿದ್ದರು ಎಂದು ಅವನು ಬರೆಯುತ್ತಾನೆ.

ಮುಂದೆ ಮೈಸೂರು–ಮಡಿಕೇರಿ ರಸ್ತೆ ಗಟ್ಟಿಯಾದಂತೆ ಲಕ್ಷ್ಮಣತೀರ್ಥದ ದಡದ ಹುಣಸೂರು ಬೆಳೆಯಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪುವಿನಿಂದ ಹೊಸ ಹೆಸರು ಪಡೆದ ಅಮೃತ ಮಹಲ್ ದನಗಳ ಇಲಾಖೆ 19ನೇ ಶತಮಾನದಲ್ಲಿ ಇಲ್ಲಿ ನೆಲೆಯೂರಿತ್ತು. ಸೈನ್ಯಕ್ಕೆ ಬೇಕಾದ ಚರ್ಮ ಹದಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕಾರ್ಖಾನೆಗಳೂ ಇದ್ದವು. ಕೊಡಗಿನಲ್ಲಿ ಕಾಫಿ ತೋಟಗಳು ಹಬ್ಬಿದ ಮೇಲೆ ಇಂಗ್ಲಿಷ್ ತೋಟಗಾರರು ಇದೇ ದಾರಿಯಲ್ಲಿ ಹೋಗಿಬಂದರು. ಗಾಡಿ ಹೊಡೆಯುವವನ ಕನ್ನಡ, ಲಾಳ ಕಟ್ಟುವವನ ಉರ್ದು, ದೊರೆಯ ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುವಂಥ ಪೇಟೆ ಅದು.

ಮಳೆಯೇ ಒಂದು ಊರನ್ನು ಎತ್ತಿ ಬೇರೆಡೆ ಇಟ್ಟದ್ದೂ ಉಂಟು. ಕಾವೇರಿ ದಡದ ಎಡತೊರೆ ಹಿಂದಿನ ತಾಲ್ಲೂಕು ಕೇಂದ್ರ. 1924ರ ಮಹಾಪ್ರವಾಹದ ಬಳಿಕ ಸಮೀಪದ ಎತ್ತರದ ನೆಲದಲ್ಲಿ, ನೇರ ಅಗಲ ಬೀದಿಗಳ ಹೊಸ ಪಟ್ಟಣ ಎದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಪಡೆಯಿತು. ಅರ್ಕೇಶ್ವರನ ಗುಡಿಯೊಂದಿಗೆ ಎಡತೊರೆ ಹೊಳೆಯ ಬದಿಯಲ್ಲೇ ಉಳಿಯಿತು.

ಹೆಗ್ಗಡದೇವನಕೋಟೆಯ ಕಾಡಿನಿಂದ ಇಂಗ್ಲಿಷ್ ಲೋಕಕ್ಕೆ ಹೊರಟ ಒಂದು ಪಯಣ ಬೇರೆಯೇ ಬಗೆಯದು. ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಕಬಿನಿ ಹೊಳೆ ದಾಟಿಸಿ ಆವರಣಕ್ಕೆ ನುಗ್ಗಿಸುವ ಖೆಡ್ಡಾ, ಅರಮನೆಯ ದೊಡ್ಡ ಅತಿಥಿಗಳಿಗೆ ತೋರಿಸುವ ನೋಟವಾಗಿತ್ತು. ಅದರ ಪಕ್ಕದ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮನೆಯಲ್ಲಿ ಹುಟ್ಟಿದ ಸಾಬು ಎಂಬ ಹುಡುಗ ಅರಮನೆಯ ಆನೆಲಾಯದ ನೆರಳಲ್ಲಿ ಬೆಳೆದ. ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದಾಗ ಅವನ ತಂಡದ ಕಣ್ಣಿಗೆ ಬಿದ್ದ. ಹಂಗೇರಿ ಮೂಲದ ಜೋಲ್ಟನ್ ಕೊರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಉಳಿದ ಭಾಗ ಚಿತ್ರಿಸಿದ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಆ ಇಬ್ಬರಿಗೂ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ತಂದಿತು. ಇಂಗ್ಲಿಷ್ ಬಾರದೆ ಹಡಗು ಹತ್ತಿದ ಹುಡುಗ ಅದನ್ನು ಕಲಿತದ್ದು ಇಂಗ್ಲೆಂಡಿನಲ್ಲಿ, ಬಾಳಿದ್ದು ಅಮೆರಿಕದಲ್ಲಿ. ‘ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಿಂದ ಹೆಸರಾಗಿ, 1944ರಲ್ಲಿ ಅಮೆರಿಕದ ಪೌರನಾಗಿ, ಅಲ್ಲಿನ ವಾಯುಪಡೆಯ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿ, 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 39ರ ವಯಸ್ಸಿಗೇ ತೀರಿಕೊಂಡ. ಹಾಲಿವುಡ್ಡು ಅವನಿಗೆ ಕೊನೆತನಕ ಕೊಟ್ಟದ್ದು ಹೆಚ್ಚಾಗಿ ಕಾಡುಹುಡುಗನ, ಪೂರ್ವದೇಶದವನ ಪಾತ್ರಗಳನ್ನೇ. ಆ ವಿಷಯದಲ್ಲಿ ಅಲ್ಲಿನವರ ಕಲ್ಪನೆ ಕುರುಡಾಗಿತ್ತು ಎಂದೇ ಹೇಳಬೇಕು.

1960ರ ಕೊನೆಯ ಹೊತ್ತಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿನ ನಿರಾಶ್ರಿತರ ಮೊದಲ ತಂಡಗಳು ಬಂದಿಳಿದವು. ಮೈಸೂರು ಸರ್ಕಾರ ಕೊಟ್ಟ ಸುಮಾರು 3000 ಎಕರೆಯಲ್ಲಿ ಬಹುಪಾಲು ಕಾಡೇ. ಹಿಮದ ನಾಡಿನ ದಪ್ಪ ಉಡುಪು ತೊಟ್ಟವರಿಗೆ ಇಲ್ಲಿನ ಸೆಕೆ, ಹಿಡಿದರೆ ಬಿಡದ ಮಳೆ, ಬೆಳೆಗೆ ನುಗ್ಗುವ ಆನೆಗಳು ಎಲ್ಲವೂ ಹೊಸತು. ಬಂದವರಲ್ಲಿ ಅನೇಕರು ಬಿಸಿಲಿಗೆ, ಕಾಯಿಲೆಗೆ ಬಲಿಯಾದರು. ಉಳಿದವರು ಮುಸುಕಿನ ಜೋಳದ ಬೇಸಾಯ ಕಲಿತರು. ಚಳಿಗಾಲದಲ್ಲಿ ಸ್ವೆಟರ್ ಗಂಟು ಕಟ್ಟಿಕೊಂಡು ನಗರಗಳಿಗೆ ವ್ಯಾಪಾರಕ್ಕೆ ಹೋಗುವ ರೂಢಿಯೂ ಬೆಳೆಯಿತು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಮೊದಲ ಕೆಲಸವೇ ಟಿಬೆಟಿಯನ್ನರ ಪುನರ್ವಸತಿ. ಎಪ್ಪತ್ತರ ದಶಕದ ಆರಂಭದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಇಂಥದೇ ಶಿಬಿರ ತಲೆಯೆತ್ತಿತು. ಅಂಗಡಿ ಮುಂದೆ, ಸಂತೆಯಲ್ಲಿ, ಆಳುಗಳೊಂದಿಗೆ ದಿನವೂ ಬೇಕಾದ ಕನ್ನಡವನ್ನು ಅವರು ಕಿವಿಯಿಂದಲೇ ಕಲಿತರು. ಹೀಗಾಗಿ ಅವರ ಬಾಯಲ್ಲಿ ಬಂದದ್ದು ಪಠ್ಯಪುಸ್ತಕದ ಕನ್ನಡವಲ್ಲ, ‘ಹೋಗ್ತೀನಿ’ ಎಂಬುದು ‘ಓಯ್ತೀನಿ’ ಆಗುವ ಸುತ್ತಮುತ್ತಲ ಹಳ್ಳಿಗಳ ಕನ್ನಡ.

ಖೆಡ್ಡಾ ಕೊನೆಯ ಬಾರಿ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದು, ಕಾಕನಕೋಟೆಯ ಹಳೆಯ ನೆಲ ಹಿನ್ನೀರಿನಡಿ ಸೇರಿತು. ದಡದ ಕಾರಾಪುರದಲ್ಲಿ ಮುಂದೆ ಜಂಗಲ್ ಲಾಡ್ಜಸ್‌ನ ವಸತಿಗೃಹ ಬಂದು, ದೇಶವಿದೇಶಗಳ ಇಂಗ್ಲಿಷ್ ಮತ್ತೆ ಈ ಕಾಡಿಗೆ ಮರಳಿತು. ಇತ್ತ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹಬ್ಬಿತು. 1984ರಲ್ಲಿ ಹರಾಜು ಪದ್ಧತಿ ಬಂದ ಮೇಲೆ ಸೊಪ್ಪು ಹದಮಾಡುವ ಬ್ಯಾರನ್, ಬೇಲು, ಗ್ರೇಡುಗಳು ಮನೆಮಾತಾದವು. ಮೇ–ಜೂನಿನಲ್ಲಿ ಸಸಿ ನೆಡುವ ಹೊತ್ತಿನ ಮಳೆಯ ಮಾತಿಗೆ ಸಾಲದ ಲೆಕ್ಕವೂ ಸೇರಿಕೊಂಡಿತು. ವಯನಾಡಿನ ಕಡೆಯಿಂದ ಬಂದು ಜಮೀನು ಗುತ್ತಿಗೆ ಹಿಡಿದ ಶುಂಠಿ ಬೆಳೆಗಾರರ ಮಲೆಯಾಳಂ, ಅಂತರಸಂತೆ, ಬಾವಲಿ ದಾರಿಯ ಹೋಟೆಲುಗಳಲ್ಲಿ ಈಗ ಹೊಸತೇನಲ್ಲ. ವನ್ಯಪ್ರಾಣಿಗಳಿಗಾಗಿ ಆ ದಾರಿಯ ಕಾಡಿನ ಭಾಗವನ್ನು ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚುವುದರಿಂದ ಮಾನಂದವಾಡಿಗೆ ಹೊರಟವರೆಲ್ಲ ಹೊತ್ತು ನೋಡಿಯೇ ಹೊರಡಬೇಕು.

ಬೈಲಕುಪ್ಪೆಯ ಮೂರನೇ ತಲೆಮಾರಿನ ಅನೇಕರು ಇತ್ತೀಚಿನ ದಶಕಗಳಲ್ಲಿ ನ್ಯೂಯಾರ್ಕಿನ ಕ್ವೀನ್ಸ್, ಟೊರೊಂಟೊದ ಪಾರ್ಕ್‌ಡೇಲ್‌ನಂಥ ಟಿಬೆಟಿಯನ್ ಬಡಾವಣೆಗಳತ್ತ ಹೊರಟುಹೋಗಿದ್ದಾರೆ. ಶಿಬಿರದಲ್ಲಿ ಉಳಿದವರಲ್ಲಿ ಮುದುಕರ ಪಾಲು ಹೆಚ್ಚುತ್ತಿದೆ, ಊರಿನ ಶಾಲೆಗಳಿಗೆ ಸೇರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ.