ಮಹದಾಯಿಯ ಹಗ್ಗಗಳು

ಮಹದಾಯಿ ಅಂದಕೂಡ್ಲೇ ನಮಗೆ ನೆನಪಾಗೋದು ಕಳಸಾ-ಬಂಡೂರಿ, ಟ್ರಿಬ್ಯೂನಲ್, ಬಂದ್. ಖಾನಾಪುರ ತಾಲೂಕಿನ ಭೀಮಗಡ ಕಾಡಲ್ಲಿ ಹುಟ್ಟಿ, ಗೋವಾದಲ್ಲಿ ಮಾಂಡೋವಿ ಅನ್ನಿಸಿಕೊಳ್ಳುವ ಈ ನದಿಯ ಹೆಸರು ಹೊತ್ತ ಹಾಯಿದೋಣಿಯೊಂದು ಭೂಮಿ ಸುತ್ತಿ ಬಂದಿದೆ ಅಂತ ಬೆಳಗಾವಿಯಲ್ಲಿ ಹೇಳಿದರೆ ಹೌದಾ ಅಂತಾರೆ. ಹೌದು. ಐಎನ್‌ಎಸ್‌ವಿ ಮ್ಹಾದೇಯಿ, 56 ಅಡಿ ಉದ್ದ. ಅದೇ ಮಾಂಡೋವಿಯ ದಿವಾರ್ ದ್ವೀಪದಲ್ಲಿ, ರತ್ನಾಕರ ದಾಂಡೇಕರ್ ಅವರ ಯಾರ್ಡಿನಲ್ಲಿ ಕಟ್ಟಿದ್ದು. 2009ರಲ್ಲಿ ನೌಕಾಪಡೆ ಸೇರಿತು. ಅದರಲ್ಲಿ ದಿಲೀಪ್ ದೋಂಡೆ 2009-10ರಲ್ಲಿ ನಾಲ್ಕು ಬಂದರುಗಳಲ್ಲಿ ನಿಂತು ಒಬ್ಬರೇ ಭೂಮಿ ಸುತ್ತಿದರು. 2012ರ ನವೆಂಬರಿನಲ್ಲಿ ಹೊರಟ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ 151 ದಿನಕ್ಕೆ ಮುಂಬೈ ಮುಟ್ಟಿದರು.

ಎಲ್ಲೂ ನಿಲ್ಲದೆ ಅಂದರೆ, ಹಗ್ಗ ಹರಿದರೆ ಹೊಸದು ತರೋಕೆ ಅಂಗಡಿ ಇಲ್ಲ.

ನಮ್ಮ ಊರಲ್ಲಿ ದನ ಕಟ್ಟೋದು ಕಣ್ಣಿ, ಎತ್ತಿನ ಮೂಗಿಗೆ ಮೂಗುದಾರ, ಭಾರ ಎಳೆಯೋಕೆ ಮಿಣಿ. ದೋಣಿಯಲ್ಲೂ ಹಾಗೇ, ಕೆಲಸಕ್ಕೊಂದು ಹೆಸರು. ಹಾಯಿ ಮೇಲೇರಿಸೋದು ಹಾಲಿಯಾರ್ಡ್. ಗಾಳಿ ನೋಡಿ ಹಾಯಿ ಎಳೆಯೋದು, ಸಡಿಲ ಬಿಡೋದು ಶೀಟ್. ನಮ್ಮ ಎಕ್ಸೆಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಕೊಳ್ಳುವವರು ಮೊದಲು ಕೇಳೋದು ಎಷ್ಟು ಟನ್ ತಡೆಯುತ್ತೆ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಎಷ್ಟು ಹಿಗ್ಗಬೇಕು? ಲಂಗರಿನ ಹಗ್ಗ ಅಲೆಯ ಜಗ್ಗಾಟ ನುಂಗಬೇಕು, ಅಲ್ಲಿಗೆ ಹಿಗ್ಗುವ ನೈಲಾನ್. ಹಾಲಿಯಾರ್ಡ್ ಹಿಗ್ಗಿದರೆ ಹಾಯಿ ಜೋಲುತ್ತೆ, ಅಲ್ಲಿಗೆ ಪಾಲಿಯೆಸ್ಟರ್ ಇಲ್ಲವೇ ಡೈನೀಮಾ. ಈ ಡೈನೀಮಾ ಉಕ್ಕಿನ ತಂತಿಯಷ್ಟು ಗಟ್ಟಿ, ನೀರಲ್ಲಿ ತೇಲುವಷ್ಟು ಹಗುರ. ಆದರೆ ನುಣುಪು, ಗಂಟು ಹಾಕಿದರೆ ಜಾರುತ್ತೆ. ತುದಿಯನ್ನು ಹಗ್ಗದೊಳಗೇ ಪೋಣಿಸಿ ಹೆಣೆಯಬೇಕು. ಎಷ್ಟೇ ಗಟ್ಟಿಯಿದ್ದರೂ ಉಜ್ಜಾಟ ಬಿಡೋದಿಲ್ಲ. ಬಾವಿಯ ರಾಟೆಯಲ್ಲಿ ಹಗ್ಗ ಸವೆದ ಹಾಗೆ ಕಂಬದ ತುದಿಯ ರಾಟೆಯಲ್ಲೂ ಸವೆಯುತ್ತೆ. ಅದಕ್ಕೇ ನಾವಿಕರು ಆಗಾಗ ಒಂದಿಷ್ಟು ಸಡಿಲ ಬಿಟ್ಟು ಉಜ್ಜುವ ಜಾಗ ಬದಲಿಸ್ತಾರೆ.

ಬಲ ಅಳೆಯೋ ಹುಚ್ಚು ಹಳೇದು. ಬ್ರಿಟಿಷ್ ನೌಕಾಪಡೆ ನಂಬಿದ್ದು ರಷ್ಯಾದಿಂದ ಬರುವ ಹೆಂಪ್ ನಾರನ್ನು. ಅದು ಕೈಕೊಟ್ಟರೆ ಏನು ಗತಿ ಅಂತ ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ ಇಲ್ಲಿಯ ನಾರುಗಳಿಗೆ ಭಾರ ತೂಗುಹಾಕಿ, ನೀರಲ್ಲಿ ನೆನೆಸಿ, ಎಲ್ಲಿ ಹರಿಯುತ್ತೆ ಅಂತ ಬರೆದಿಟ್ಟ. ನಮ್ಮ ಭಾಷೆಯಲ್ಲಿ ಲೋಡ್ ಟೆಸ್ಟಿಂಗ್. ಕ್ರಿಮಿಯಾ ಯುದ್ಧದಲ್ಲಿ ರಷ್ಯಾವೇ ಶತ್ರುವಾದಾಗ, 1855ರಲ್ಲಿ ಫೋರ್ಬ್ಸ್ ರಾಯ್ಲ್ ಭಾರತದ ನಾರುಗಿಡಗಳ ಮೇಲೆ ದೊಡ್ಡ ಪುಸ್ತಕವನ್ನೇ ತಂದ. ಅದರಲ್ಲಿ ಸೆಣಬು ಇದೆ, ತೆಂಗಿನ ನಾರು ಇದೆ, ಅಂಬಾಡಿಯೂ ಇದೆ. ಅಂಬಾಡಿ ಅಂದರೆ ನಾವು ರೊಟ್ಟಿ ಜೊತೆ ಪಲ್ಯ ಮಾಡಿ ತಿನ್ನೋ ಪುಂಡಿ! ಸಾಮ್ರಾಜ್ಯದ ಹಡಗಿಗೆ ನಮ್ಮ ಹೊಲದ ಬದುವಿನ ಗಿಡ ಅರ್ಜಿ ಹಾಕಿತ್ತು. ಕೆಲಸ ಸಿಕ್ಕಿದ್ದು ಹೆಚ್ಚಾಗಿ ಮನಿಲಾ ನಾರಿಗೆ, ಆಮೇಲೆ ಉಕ್ಕಿನ ತಂತಿಗೆ.

ಇನ್ನೊಂದು ಪ್ರಶ್ನೆ ಯಾರೂ ಕೇಳೋದಿಲ್ಲ: ಬೇಕಾದಾಗ ಕತ್ತರಿಸೋಕೆ ಬರುತ್ತಾ? 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಟಾಮಿಯವರ ‘ತುರಿಯಾ’ ಮಗುಚಿ ಕಂಬ ಮುರಿಯಿತು. ಅವರ ಬೆನ್ನುಮೂಳೆಗೆ ಪೆಟ್ಟು. ಮೂರು ದಿನದ ಮೇಲೆ ಫ್ರಾನ್ಸಿನ ಹಡಗೊಂದು ಅವರನ್ನು ಎತ್ತಿಕೊಂಡಿತು. ಮುರಿದ ಕಂಬ ತಂತಿಗಳಿಗೆ ಜೋತು ಬಿದ್ದು ದೋಣಿಯ ಹೊಟ್ಟೆಗೇ ಗುದ್ದೋಕೆ ಶುರುಮಾಡಿದರೆ ಅದನ್ನು ಕಡಿದು ಸಮುದ್ರಕ್ಕೆ ಬಿಡಬೇಕು. ಹಗ್ಗವಾದರೆ ಚಾಕು ಸಾಕು. ಉಕ್ಕಿಗೆ ದೊಡ್ಡ ಕಟರ್ ಬೇಕು, ಎರಡೂ ಕೈಯ ಬಲ ಬೇಕು.

ಬಲದ ಪಟ್ಟಿಯಲ್ಲಿ ಕೆಳಗಿದ್ದ ತೆಂಗಿನ ನಾರಿಗೆ ಈಗ ಮತ್ತೆ ಕೆಲಸ ಸಿಕ್ಕಿದೆ, ಅದೂ ನಮ್ಮ ಕಾರವಾರದಲ್ಲಿ. 2025ರ ಮೇ 21ರಂದು ಅಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ದ ಹಲಗೆಗಳನ್ನು ಮೊಳೆಯಿಂದ ಜಡಿದಿಲ್ಲ, ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಉಪ್ಪುನೀರು ತಡೆಯುತ್ತೆ, ಅಲೆ ಬಂದರೆ ಒಂಚೂರು ಬಾಗುತ್ತೆ. ಆ ಹೊಲಿಗೆಯ ಮೇಲೇ ಅದು 2025ರ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹಾಯಿ ಬಿಚ್ಚಿ ಮಸ್ಕತ್‌ಗೆ ಹೋಯಿತು.