ಕಾರಿಗೆ ಕ್ರೂಸ್ ಕಂಟ್ರೋಲ್ ಅಳವಡಿಕೆ

ಕಾರಿಗೆ ಕ್ರೂಸ್ ಕಂಟ್ರೋಲ್ ಅಳವಡಿಕೆ ಎಂದರೆ ಕಾರ್ಖಾನೆಯಿಂದ ಈ ಸೌಲಭ್ಯವಿಲ್ಲದೆ ಬಂದ ಕಾರಿಗೆ, ಅದೇ ಮಾದರಿಯ ಮೇಲ್ದರ್ಜೆಯ ಆವೃತ್ತಿಯಲ್ಲಿ ಬಳಸುವ ಬಿಡಿಭಾಗಗಳನ್ನೇ ಜೋಡಿಸಿ ಅದನ್ನು ಪಡೆಯುವ ಕೆಲಸ. ಕ್ರೂಸ್ ಕಂಟ್ರೋಲ್ ಎಂಬುದು ಚಾಲಕನು ಆಕ್ಸಿಲರೇಟರ್ ಒತ್ತದೆಯೇ ಕಾರು ನಿಗದಿತ ವೇಗದಲ್ಲಿ ಸಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ. ಇಂದಿನ ಅನೇಕ ಕಾರುಗಳಲ್ಲಿ ಇದಕ್ಕೆ ಬೇಕಾದ ಲೆಕ್ಕಾಚಾರದ ಶಕ್ತಿ ಎಂಜಿನ್ ನಿಯಂತ್ರಣ ಘಟಕದಲ್ಲಿ, ಅಂದರೆ ಇಸಿಯುನಲ್ಲಿ ಮೊದಲೇ ಇರುತ್ತದೆ. ಗುಂಡಿ, ತಂತಿ ಮತ್ತು ಸ್ವಿಚ್‌ಗಳು ಮಾತ್ರ ಇರುವುದಿಲ್ಲ. ಆದ್ದರಿಂದ ಕೆಲಸ ಸುಲಭವೆಂದು ತೋರುತ್ತದೆ. ವೇಗವನ್ನು ಹಿಡಿದಿಡುವ ಭಾಗ ನಿಜಕ್ಕೂ ಸುಲಭವೇ. ಹಿಡಿದ ವೇಗವನ್ನು ಬೇಕಾದ ಕ್ಷಣದಲ್ಲಿ ತಪ್ಪದೆ ಬಿಡಿಸುವ ಭಾಗದಲ್ಲಿಯೇ ಇಡೀ ಅಳವಡಿಕೆಯ ಸುರಕ್ಷತೆ ಅಡಗಿದೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 66ರಂತಹ ರಸ್ತೆಯಲ್ಲಿ ಈ ಮಾತಿಗೆ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

ಯಂತ್ರದ ವೇಗವನ್ನು ತಾನಾಗಿಯೇ ಸ್ಥಿರವಾಗಿಡುವ ಉಪಾಯ ಮೋಟಾರು ವಾಹನಗಳಿಗಿಂತ ಹಳೆಯದು. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರ್ ಅಳವಡಿಸಿದ್ದನು. ಕಾರಿನ ಕ್ರೂಸ್ ಕಂಟ್ರೋಲನ್ನು ರೂಪಿಸಿದವನು ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್. ತನ್ನ ವಕೀಲನು ಕಾರು ಓಡಿಸುತ್ತ ಮಾತಿಗಿಳಿದಾಗಲೆಲ್ಲ ವೇಗ ಏರಿಳಿಯುತ್ತಿದ್ದುದು ಆತನಿಗೆ ಈ ಯೋಚನೆಯನ್ನು ತಂದಿತೆಂದು ಹೇಳಲಾಗುತ್ತದೆ. ಆತನಿಗೆ 1950ರಲ್ಲಿ ಪೇಟೆಂಟ್ ದೊರೆಯಿತು. 1958ರ ಕ್ರೈಸ್ಲರ್ ಕಾರುಗಳಲ್ಲಿ ಈ ಸಾಧನ ಮೊದಲ ಬಾರಿಗೆ ಮಾರಾಟಕ್ಕೆ ಬಂದಿತು. ಎಂಜಿನ್ನಿನ ನಿರ್ವಾತದಿಂದ ಥ್ರಾಟಲ್ ಕೇಬಲನ್ನು ಎಳೆಯುವ ಡಯಾಫ್ರಮ್ ಬಹುಕಾಲ ಬಳಕೆಯಲ್ಲಿತ್ತು. ಹಳೆಯ ಕೇಬಲ್ ಕಾರುಗಳಿಗೆ ಈ ಸೌಲಭ್ಯ ಬೇಕಾದರೆ ಥ್ರಾಟಲ್ ಎಳೆಯುವ ಪ್ರತ್ಯೇಕ ಯಂತ್ರವನ್ನೇ ಕೂರಿಸಬೇಕಾಗುತ್ತದೆ. ಅದು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಕಾರ್ಯವಿಧಾನ

ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಿ ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇರುವುದಿಲ್ಲ. ಪೆಡಲ್ ಎಷ್ಟು ಒತ್ತಲ್ಪಟ್ಟಿದೆ ಎಂಬುದನ್ನು ಸಂವೇದಕವೊಂದು ಇಸಿಯುಗೆ ತಿಳಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಇಸಿಯು ಥ್ರಾಟಲ್ ಕವಾಟವನ್ನು ಮೋಟಾರಿನಿಂದ ತೆರೆಯುತ್ತದೆ. ಡೀಸೆಲ್ ಕಾರಿನಲ್ಲಿ ಸಿಂಪಡಿಸುವ ಇಂಧನದ ಪ್ರಮಾಣವನ್ನು ಬದಲಿಸುತ್ತದೆ. ಕ್ರೂಸ್ ಚಾಲನೆಯಲ್ಲಿರುವಾಗ ಇಸಿಯು ಕಾರಿನ ಈಗಿನ ವೇಗವನ್ನು ಚಾಲಕನು ನಿಗದಿಪಡಿಸಿದ ವೇಗದೊಡನೆ ಮತ್ತೆ ಮತ್ತೆ ಹೋಲಿಸಿ, ವ್ಯತ್ಯಾಸಕ್ಕೆ ತಕ್ಕಂತೆ ಶಕ್ತಿಯನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ತೀರ ಕಡಿಮೆ ವೇಗದಲ್ಲಿ, ಸಾಮಾನ್ಯವಾಗಿ ಗಂಟೆಗೆ 30ರಿಂದ 40 ಕಿ.ಮೀ.ಗಿಂತ ಕೆಳಗೆ, ಇದು ಚಾಲನೆಗೊಳ್ಳುವುದಿಲ್ಲ.

ಮುಂದಿನ ವಾಹನದ ಅಂತರವನ್ನು ರೇಡಾರ್ ಅಥವಾ ಕ್ಯಾಮೆರಾದಿಂದ ಅಳೆದು ಬ್ರೇಕ್ ಹಾಕಬಲ್ಲ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಬೇರೆಯೇ ವ್ಯವಸ್ಥೆ. ಇಲ್ಲಿ ವಿವರಿಸುವ ಸಾದಾ ಕ್ರೂಸಿಗೆ ಮುಂದೆ ಏನಿದೆಯೆಂಬುದು ತಿಳಿಯದು.

ಬೇಕಾಗುವ ಬಿಡಿಭಾಗಗಳು

ಒಂದೇ ಮಾದರಿಯ ಅಗ್ಗದ ಮತ್ತು ದುಬಾರಿ ಆವೃತ್ತಿಗಳಿಗೆ ತಯಾರಕರು ಬಹುಮಟ್ಟಿಗೆ ಒಂದೇ ಇಸಿಯು ಬಳಸುವುದರಿಂದ ಈ ಅಳವಡಿಕೆ ಸಾಧ್ಯವಾಗಿದೆ. ಸ್ಟೀರಿಂಗ್ ಚಕ್ರದ ಮೇಲಿನ ಗುಂಡಿಗಳು ಅಥವಾ ಸ್ಟೀರಿಂಗ್ ಪಕ್ಕದ ಕಡ್ಡಿ, ಅಗತ್ಯ ಸಂಖ್ಯೆಯ ತಂತಿಗಳುಳ್ಳ ಸುರುಳಿ ಕೇಬಲ್, ಎರಡು ಸಂಪರ್ಕಗಳ ಬ್ರೇಕ್ ಸ್ವಿಚ್, ಮ್ಯಾನುಯಲ್ ಗೇರಿನ ಕಾರಾದರೆ ಕ್ಲಚ್ ಸ್ವಿಚ್ ಹಾಗೂ ಇವುಗಳನ್ನು ಇಸಿಯುಗೆ ಮುಟ್ಟಿಸುವ ತಂತಿಗಳು ಬೇಕು. ಇವುಗಳಲ್ಲಿ ಯಾವುದು ಕಾರಿನಲ್ಲಿ ಮೊದಲೇ ಇದೆ ಎಂಬುದನ್ನು ವೈರಿಂಗ್ ನಕ್ಷೆ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಕೊಳ್ಳುವುದು ವಾಡಿಕೆ. ಅನೇಕ ಕಾರುಗಳ ಗುಂಡಿಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಮೌಲ್ಯದ ರೆಸಿಸ್ಟರ್ ಇರುತ್ತದೆ. ಒಂದೇ ತಂತಿಯಲ್ಲಿ ಬರುವ ವೋಲ್ಟೇಜನ್ನು ನೋಡಿ ಯಾವ ಗುಂಡಿ ಒತ್ತಲಾಗಿದೆ ಎಂದು ಇಸಿಯು ತಿಳಿಯುತ್ತದೆ. ಆದಕಾರಣ ನೋಡಲು ಒಂದೇ ತೆರನಾದ, ಆದರೆ ಭಾಗಸಂಖ್ಯೆ ಬೇರೆಯಾದ ಗುಂಡಿಯನ್ನು ಕೂರಿಸಿದರೆ ವೇಗ ಏರಿಸುವ ಗುಂಡಿ ಇಳಿಸುವ ಕೆಲಸ ಮಾಡಬಹುದು, ಇಲ್ಲವೇ ಯಾವುದೂ ಕೆಲಸ ಮಾಡದಿರಬಹುದು.

ಭಟ್ಕಳದ ಅನೇಕ ಕುಟುಂಬಗಳವರು ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಲ್ಲಿಂದ ಬಿಡಿಭಾಗ ತರಿಸುವುದಾದರೆ ಆ ದೇಶಗಳ ಕಾರುಗಳಲ್ಲಿ ಸ್ಟೀರಿಂಗ್ ಎಡಗಡೆ ಇರುತ್ತದೆ ಎಂಬುದು ಗಮನದಲ್ಲಿರಬೇಕು. ಹೆಸರು ಒಂದೇ ಆದರೂ ತಂತಿಗಳ ಉದ್ದ, ಸುರುಳಿ ಕೇಬಲ್ ಮತ್ತು ಪೆಡಲ್ ಸ್ವಿಚ್‌ಗಳು ಬೇರೆಯಾಗಿರಬಹುದು. ಗುಜರಿಯಿಂದ ತಂದ ಗುಂಡಿಗಳನ್ನು ಬಳಸಬಹುದಾದರೂ ಸುರುಳಿ ಕೇಬಲನ್ನು ಹೊಸದಾಗಿಯೇ ಕೊಳ್ಳುವುದು ಲೇಸು. ಏರ್‌ಬ್ಯಾಗಿನ ತಂತಿಯೂ ಅದರೊಳಗೇ ಹಾದುಹೋಗುತ್ತದೆ.

ಸ್ಟೀರಿಂಗ್ ಬಿಚ್ಚುವಿಕೆ

ಗುಂಡಿಗಳನ್ನು ಕೂರಿಸಲು ಸ್ಟೀರಿಂಗ್ ಮಧ್ಯದ ಏರ್‌ಬ್ಯಾಗನ್ನು ಹೊರತೆಗೆಯಬೇಕಾಗುತ್ತದೆ. ಏರ್‌ಬ್ಯಾಗಿನ ಒಳಗೆ ಸಿಡಿಯುವ ರಾಸಾಯನಿಕವಿದ್ದು, ಬ್ಯಾಟರಿ ತೆಗೆದ ಬಳಿಕವೂ ಅದರ ನಿಯಂತ್ರಣ ಘಟಕದ ಕೆಪಾಸಿಟರಿನಲ್ಲಿ ಸಿಡಿಸಲು ಸಾಕಾಗುವಷ್ಟು ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಆದ್ದರಿಂದ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಆ ಕಾರಿನ ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಕೆಲವು ತಯಾರಕರು 90 ಸೆಕೆಂಡ್ ಎನ್ನುತ್ತಾರೆ, ಕೆಲವರು ಹಲವು ನಿಮಿಷ. ಹೊರತೆಗೆದ ಏರ್‌ಬ್ಯಾಗನ್ನು ಅಲಂಕಾರದ ಮುಖ ಮೇಲಾಗಿರುವಂತೆ ಇಡಬೇಕು. ಮುಖ ಕೆಳಗಾಗಿ ಇಟ್ಟು ಅದು ಸಿಡಿದರೆ ಇಡೀ ಘಟಕವೇ ಮೇಲಕ್ಕೆ ಹಾರುತ್ತದೆ. ಅದರ ತುದಿಗಳಿಗೆ ಮಲ್ಟಿಮೀಟರ್ ತಾಗಿಸುವುದು ನಿಷಿದ್ಧ. ಮೀಟರಿನ ಅಳತೆಯ ವಿದ್ಯುತ್ತೇ ಅದನ್ನು ಸಿಡಿಸಬಲ್ಲದು.

ಕಾರಿನಲ್ಲಿರುವ ಸುರುಳಿ ಕೇಬಲಿನಲ್ಲಿ ಸಾಕಷ್ಟು ತಂತಿಗಳಿದ್ದರೆ ಸ್ಟೀರಿಂಗ್ ಚಕ್ರವನ್ನು ತೆಗೆಯುವ ಅಗತ್ಯವಿಲ್ಲ, ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬದಲಿಸಲೇಬೇಕಾದಲ್ಲಿ ಮುಂದಿನ ಗಾಲಿಗಳನ್ನು ನೇರವಾಗಿಟ್ಟು, ಚಕ್ರ ಮತ್ತು ದಂಡ ಕೂಡುವ ಜಾಗಕ್ಕೆ ಗುರುತು ಹಾಕಿ, ಹೊಸ ಸುರುಳಿಯನ್ನು ಸರಿಯಾಗಿ ಮಧ್ಯಸ್ಥಾನದಲ್ಲಿ ಕೂರಿಸಬೇಕು. ಮಧ್ಯ ತಪ್ಪಿದ ಸುರುಳಿ ಮೊದಲ ದಿನ ಯಾವ ತೊಂದರೆಯನ್ನೂ ತೋರದೆ, ಎಂದೋ ಒಂದು ದಿನ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಹರಿಯುತ್ತದೆ. ಆಗ ಹಾರ್ನ್ ಮತ್ತು ಕ್ರೂಸಿನ ಜೊತೆಗೆ ಚಾಲಕನ ಏರ್‌ಬ್ಯಾಗ್ ಸಹ ನಿಷ್ಕ್ರಿಯವಾಗುತ್ತದೆ. ಮನೆಯಲ್ಲಿ ಮಾಡುವ ಅಳವಡಿಕೆಯಲ್ಲಿ ಈ ಒಂದು ಹಂತವನ್ನಾದರೂ ಅನುಭವಿ ಮೆಕ್ಯಾನಿಕ್‌ಗೆ ಬಿಡುವುದು ಉಚಿತ.

ಬ್ರೇಕ್ ಮತ್ತು ಕ್ಲಚ್ ಸ್ವಿಚ್

ಬ್ರೇಕ್ ಪೆಡಲಿನ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ಬ್ರೇಕ್ ದೀಪ ಹೊತ್ತಿಸುತ್ತದೆ, ಇನ್ನೊಂದು ಬಿಟ್ಟುಕೊಂಡು ಇಸಿಯುಗೆ ಪ್ರತ್ಯೇಕ ಸೂಚನೆ ನೀಡುತ್ತದೆ. ಎರಡೂ ಪರಸ್ಪರ ವಿರುದ್ಧವಾಗಿ ವರ್ತಿಸಬೇಕು. ಒಂದು ತಂತಿ ಕಡಿದರೂ ಅವುಗಳ ನಡುವೆ ಹೊಂದಾಣಿಕೆ ತಪ್ಪುವುದರಿಂದ ಇಸಿಯುಗೆ ದೋಷ ತಿಳಿದು ಅದು ಕ್ರೂಸನ್ನೇ ನಿರಾಕರಿಸುತ್ತದೆ. ಕೆಳದರ್ಜೆಯ ಆವೃತ್ತಿಯಲ್ಲಿ ಒಂದೇ ಸಂಪರ್ಕದ ಸ್ವಿಚ್ ಇದ್ದರೆ ಅದನ್ನು ಬದಲಿಸದೆ, ಎರಡನೆಯ ಸೂಚನೆಯನ್ನು ಬ್ರೇಕ್ ದೀಪದ ತಂತಿಯಿಂದ ರಿಲೇ ಮೂಲಕ ಸೃಷ್ಟಿಸುವ ಒಳದಾರಿಯೊಂದಿದೆ. ಕ್ರೂಸ್ ಅದರಿಂದಲೂ ಕೆಲಸ ಮಾಡುತ್ತದೆ. ಆದರೆ ಎರಡು ಸ್ವತಂತ್ರ ಸಾಕ್ಷಿಗಳಿರಬೇಕಾದಲ್ಲಿ ಒಂದೇ ಸಾಕ್ಷಿ ಎರಡು ಬಾರಿ ನುಡಿದಂತಾಗುತ್ತದೆ. ಆ ಒಂದು ಸಂಪರ್ಕ ಕೆಟ್ಟರೆ ಬ್ರೇಕ್ ಒತ್ತಿದರೂ ಇಸಿಯು ಎಂಜಿನ್ನಿಗೆ ಶಕ್ತಿ ಕೊಡುತ್ತಲೇ ಇರುವ ಅಪಾಯವಿದೆ.

ಕ್ಲಚ್ ಸ್ವಿಚ್ ಇನ್ನೊಂದು ಕಾರಣಕ್ಕೆ ಬೇಕು. ಕ್ರೂಸ್ ಚಾಲನೆಯಲ್ಲಿರುವಾಗ ಕ್ಲಚ್ ಒತ್ತಿದರೆ ಎಂಜಿನ್ನಿನ ಮೇಲಿನ ಹೊರೆ ಒಮ್ಮೆಗೇ ಇಳಿದು ಅದು ಅಬ್ಬರದಿಂದ ತಿರುಗತೊಡಗುತ್ತದೆ. ಇದನ್ನು ತಡೆಯುವ ಸ್ವಿಚ್ ಪೆಡಲಿನ ಮೇಲ್ತುದಿಯಲ್ಲಿರುತ್ತದೆ ಮತ್ತು ಪೆಡಲ್ ಸ್ವಲ್ಪ ಕದಲಿದೊಡನೆ ಸೂಚನೆ ನೀಡುತ್ತದೆ. ಕ್ಲಚ್ ಪೂರ್ತಿ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರುಗಳಲ್ಲಿ ಪೆಡಲಿನ ಕೆಳತುದಿಯಲ್ಲಿ ಇನ್ನೊಂದು ಸ್ವಿಚ್ ಇರುತ್ತದೆ. ಎರಡನ್ನೂ ಒಂದೆಂದು ಭಾವಿಸಿ ಕೆಳಗಿನದರಿಂದ ತಂತಿ ಎಳೆಯುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ಕರಾವಳಿಯ ಹವೆ ಈ ಜೋಡಣೆಗಳಿಗೆ ಹಿತವಲ್ಲ. ಉಪ್ಪುಗಾಳಿ ಮತ್ತು ತೇವದಿಂದ ತಾಮ್ರದ ತಂತಿಗೆ ಬಹುಬೇಗ ಕಿಲುಬು ಹಿಡಿಯುತ್ತದೆ. ಬರಿದೇ ಹೆಣೆದು ಟೇಪ್ ಸುತ್ತಿದ ಗಂಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಡಿಲಾಗಬಹುದು. ಬೆಸುಗೆ ಹಾಕಿ ಅಥವಾ ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸುವುದು ಅಗತ್ಯ. ಎಂಜಿನ್ ಕೋಣೆಯ ಮೂಲಕ ಎಳೆದ ತಂತಿಗೆ ಗಟ್ಟಿ ಹೊದಿಕೆ ಇರದಿದ್ದರೆ ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕುವ ಇಲಿಗಳ ಕಾಟವೂ ತಪ್ಪದು.

ಇಸಿಯುನಲ್ಲಿ ಸಕ್ರಿಯಗೊಳಿಸುವಿಕೆ

ಕೆಲವು ಕಾರುಗಳಲ್ಲಿ ಸ್ವಿಚ್‌ಗಳು ಜೋಡಣೆಯಾದೊಡನೆ ಇಸಿಯು ಅವುಗಳನ್ನು ತಾನೇ ಗುರುತಿಸುತ್ತದೆ. ಮತ್ತೆ ಕೆಲವುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಓಬಿಡಿ ಸಂಪರ್ಕದ ಮೂಲಕ ಆ ಸೌಲಭ್ಯವನ್ನು ತೆರೆಯಬೇಕಾಗುತ್ತದೆ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಿಗೆ ವಿಸಿಡಿಎಸ್, ಫೋರ್ಡ್ ಕಾರುಗಳಿಗೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶಗಳನ್ನು ಹವ್ಯಾಸಿಗಳು ಬಳಸುತ್ತಾರೆ. ಏನನ್ನಾದರೂ ಬದಲಿಸುವ ಮೊದಲು ಮೂಲ ಕೋಡಿಂಗನ್ನು ಉಳಿಸಿಟ್ಟುಕೊಳ್ಳಬೇಕು, ಮತ್ತು ಕೆಲಸದ ನಡುವೆ ಬ್ಯಾಟರಿ ಕುಸಿಯದಂತೆ ನೋಡಿಕೊಳ್ಳಬೇಕು.

ಇದೇ ಉಪಕರಣದಿಂದ ಪರೀಕ್ಷೆಯನ್ನೂ ಮಾಡಬಹುದು. ಕಾರು ನಿಂತಿರುವಾಗಲೇ ಬ್ರೇಕ್ ಮತ್ತು ಕ್ಲಚ್ ಪೆಡಲುಗಳನ್ನು ಒಂದೊಂದಾಗಿ ಮೆಲ್ಲನೆ ಒತ್ತಿ, ತೆರೆಯ ಮೇಲೆ ಅವುಗಳ ಸ್ಥಿತಿ ತಕ್ಷಣ ಬದಲಾಗುತ್ತದೆಯೇ ಎಂದು ನೋಡಲಾಗುತ್ತದೆ. ಏರ್‌ಬ್ಯಾಗ್ ದೀಪ ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಅನಂತರ ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ಕ್ರೂಸ್ ಹಾಕಿ, ಬ್ರೇಕ್, ಕ್ಲಚ್ ಮತ್ತು ರದ್ದು ಗುಂಡಿ ಮೂರರಿಂದಲೂ ಅದು ಪ್ರತ್ಯೇಕವಾಗಿ ಕಡಿತಗೊಳ್ಳುವುದನ್ನು ಖಚಿತಪಡಿಸಿಕೊಳ್ಳಬೇಕು. ಮೂರರಲ್ಲಿ ಒಂದು ವಿಫಲವಾದರೂ ವ್ಯವಸ್ಥೆಯನ್ನು ಬಳಸಬಾರದು.

ಭಟ್ಕಳ–ಕುಮಟಾ ಹೆದ್ದಾರಿಯಲ್ಲಿ ಬಳಕೆ

ಪನ್ವೇಲಿನಿಂದ ಕನ್ಯಾಕುಮಾರಿಗೆ ಸಾಗುವ, ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎನಿಸಿಕೊಂಡಿದ್ದ ಹೆದ್ದಾರಿ 66 ಭಟ್ಕಳದಿಂದ ಶಿರಾಲಿ, ಮಂಕಿ, ಕಾಸರಕೋಡುಗಳನ್ನು ಹಾದು, ಶರಾವತಿಯ ಸೇತುವೆ ದಾಟಿ ಹೊನ್ನಾವರಕ್ಕೂ, ಅಲ್ಲಿಂದ ಕರ್ಕಿ, ಹಳದೀಪುರ, ಧಾರೇಶ್ವರದ ಮೂಲಕ ಕುಮಟಾಕ್ಕೂ ತಲುಪುತ್ತದೆ. ಒಟ್ಟು ದೂರ ಸುಮಾರು 60 ಕಿ.ಮೀ. ಚತುಷ್ಪಥ ಕಾಮಗಾರಿಯ ನಂತರ ಈ ದಾರಿಯಲ್ಲಿ ಕ್ರೂಸ್ ಬಳಸಬಹುದಾದ ನೇರ ಭಾಗಗಳು ಹೆಚ್ಚಿವೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ವಿಭಜಕವಿರುವ ಚತುಷ್ಪಥದಲ್ಲಿ ಕಾರುಗಳ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ., ಪಟ್ಟಣ ವ್ಯಾಪ್ತಿಯಲ್ಲಿ 70 ಕಿ.ಮೀ.; ಸ್ಥಳೀಯ ಫಲಕ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಅನ್ವಯ.

ಆದರೆ ಇದು ಮರುಭೂಮಿಯ ಹೆದ್ದಾರಿಯಲ್ಲ. ವಿಭಜಕದ ತೆರವುಗಳು, ಇಬ್ಬದಿಯ ಊರುಗಳಿಂದ ನೇರವಾಗಿ ಬಂದು ಸೇರುವ ದಾರಿಗಳು, ಎದುರು ದಿಕ್ಕಿನಲ್ಲಿ ಬರುವ ದ್ವಿಚಕ್ರ ವಾಹನಗಳು, ರಸ್ತೆಯ ಮೇಲೆ ಮಲಗುವ ದನಗಳು ಇಲ್ಲಿ ನಿತ್ಯದ ಸಂಗತಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಕ್ರೂಸಿನ ನೆಚ್ಚಿಕೆಯಲ್ಲಿ ಕಾಲನ್ನು ದೂರ ಚಾಚಿ ಕುಳಿತ ಚಾಲಕನಿಗೆ ಬ್ರೇಕ್ ತಲುಪಲು ಅರ್ಧ ಸೆಕೆಂಡ್ ತಡವಾದರೂ 11 ಮೀಟರ್ ಕಳೆದುಹೋಗುತ್ತದೆ.

ಮರುಚಾಲನೆ ಗುಂಡಿಯ ಬಗೆಗೂ ಎಚ್ಚರ ಬೇಕು. ಶಿರೂರು ಅಥವಾ ಹೊಳೆಗದ್ದೆಯ ಟೋಲ್ ಬಳಿ ಬ್ರೇಕ್ ಹಾಕಿದಾಗ ಕ್ರೂಸ್ ಕಡಿತಗೊಂಡರೂ ಹಿಂದಿನ ವೇಗ ನೆನಪಿನಲ್ಲಿ ಉಳಿದಿರುತ್ತದೆ. ಮುಂದೆ ಹೊನ್ನಾವರ ಅಥವಾ ಕುಮಟಾ ಪೇಟೆಯ ದಟ್ಟಣೆಯಲ್ಲಿ ಆ ಗುಂಡಿ ಒತ್ತಿದರೆ ಕಾರು ಹಳೆಯ ವೇಗ ಮುಟ್ಟಲು ತಾನಾಗಿಯೇ ಮುನ್ನುಗ್ಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಇದನ್ನು ಬಳಸದಿರುವುದೇ ಕ್ಷೇಮ. ತಯಾರಕರ ಕೈಪಿಡಿಗಳೂ ಒದ್ದೆ ರಸ್ತೆಯಲ್ಲಿ ಬೇಡವೆಂದೇ ಹೇಳುತ್ತವೆ. ನಿಂತ ನೀರಿನ ಮೇಲೆ ಟೈರುಗಳು ತೇಲಿ ಹಿಡಿತ ತಪ್ಪುವುದನ್ನು ಪೆಡಲ್ ಮೇಲಿನ ಕಾಲು ಕೂಡಲೇ ಗ್ರಹಿಸಿ ಸಡಿಲಿಸುತ್ತದೆ. ಕ್ರೂಸ್ ಮಾತ್ರ ಎಂಜಿನ್ ಶಕ್ತಿಯನ್ನು ಮುಂದುವರಿಸಬಹುದು. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟದತ್ತ, ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಶಿರಸಿಯತ್ತ ಹೋಗುವ ದಾರಿಗಳಲ್ಲಿ ಇದು ಉಪಯೋಗಕ್ಕೆ ಬಾರದು. ಸಾದಾ ಕ್ರೂಸ್ ಇಳಿಜಾರಿನಲ್ಲಿ ಬ್ರೇಕ್ ಹಾಕದು, ಏರಿನಲ್ಲಿ ಮ್ಯಾನುಯಲ್ ಗೇರನ್ನೂ ಬದಲಿಸದು.

ಕಾನೂನು, ವಾರಂಟಿ ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಎಂಜಿನ್ ಮತ್ತು ಚಾಸಿ ಸಂಖ್ಯೆ, ಇಂಧನ, ಆಸನಗಳ ಸಂಖ್ಯೆ, ತೂಕ, ಬಣ್ಣ ಮುಂತಾದವು ಆ ಪತ್ರದಲ್ಲಿರುತ್ತವೆ. ಕ್ರೂಸ್ ಕಂಟ್ರೋಲ್ ಇರುವುದಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಈ ಮೂರು ತಾಲ್ಲೂಕುಗಳ ವಾಹನ ಮಾಲೀಕರು ಕೆಎ-47 ಸಂಕೇತದ ಹೊನ್ನಾವರದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬಹುದು.

ತಂತಿ ಕತ್ತರಿಸಿ ಜೋಡಿಸಿದ ಭಾಗದಲ್ಲಿ ದೋಷ ಕಂಡುಬಂದರೆ ತಯಾರಕರು ವಿದ್ಯುತ್ ವ್ಯವಸ್ಥೆಯ ವಾರಂಟಿಯನ್ನು ನಿರಾಕರಿಸುವ ಸಾಧ್ಯತೆಯಿದೆ. ಮಾರ್ಪಾಡನ್ನು ವಿಮಾ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಿ, ಬಿಡಿಭಾಗಗಳ ರಸೀದಿಗಳನ್ನೂ ತೆಗೆದ ಮೂಲ ಸ್ವಿಚ್‌ಗಳನ್ನೂ ಇಟ್ಟುಕೊಂಡಿದ್ದರೆ ಮುಂದೆ ಕಾರನ್ನು ಮೊದಲಿನ ಸ್ಥಿತಿಗೆ ತರಲು ಅಥವಾ ಮಾರಲು ಅನುಕೂಲವಾಗುತ್ತದೆ.