ಕಣ್ಣೆದುರಿನ ನೊಣ

ಕನ್ನಡ ಪಾಠ ಹೇಳುವವರಿಗೆ ‘ತಿಮಿರ’ವೆಂದೊಡನೆ ನೆನಪಾಗುವುದು ಕತ್ತಲೆ. ನಮ್ಮ ಹಳೆಯ ಕವಿಗಳ ಸೂರ್ಯೋದಯ ವರ್ಣನೆಗಳಲ್ಲಿ ತಿಮಿರವು ಸೋತು ಓಡದೆ ಬೆಳಗಾಗುವುದೇ ಅಪರೂಪ. ಆದರೆ ವೈದ್ಯಗ್ರಂಥಗಳಲ್ಲಿ ತಿಮಿರವೆಂಬುದು ಕಣ್ಣಿನ ಒಂದು ರೋಗದ ಹೆಸರು. ಸುಶ್ರುತ ಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಎಣಿಸಿ ಹೇಳುತ್ತದೆ. ದೋಷವು ಕಣ್ಣಿನ ಎರಡನೆಯ ಪಟಲವನ್ನು ಸೇರಿದಾಗ ರೋಗಿಗೆ ಎದುರಿಗಿಲ್ಲದ ನೊಣ, ಸೊಳ್ಳೆ, ಕೂದಲು, ಬಲೆಗಳು ಕಾಣಿಸುತ್ತವೆಂದು ಅಲ್ಲಿದೆ. ಬಿಳಿಯ ಗೋಡೆಯನ್ನೋ ತಿಳಿಯಾದ ಆಕಾಶವನ್ನೋ ನೋಡುವಾಗ ಕಣ್ಣ ಮುಂದೆ ಚುಕ್ಕೆಯೊಂದು ತೇಲಿಹೋದುದನ್ನು ಕಂಡ ವಾಚಕರು ಇದು ತಮ್ಮದೇ ಅನುಭವವೆಂದು ತಲೆದೂಗಿಯಾರು. ನನ್ನ ಬಲಗಣ್ಣಿನಲ್ಲಿಯೂ ಮೂರು ವರ್ಷಗಳಿಂದ ಅಂಥದೊಂದು ಅತಿಥಿ ಬೀಡುಬಿಟ್ಟಿದೆ. ಉತ್ತರಪತ್ರಿಕೆ ತಿದ್ದಲು ಕುಳಿತರೆ ವಿದ್ಯಾರ್ಥಿ ಬರೆಯದ ಕಡೆಯಲ್ಲೆಲ್ಲ ಅದು ಅನುಸ್ವಾರವಿಡುತ್ತದೆ.

ಈ ಇಲ್ಲದ ಕೂದಲನ್ನು ನಮ್ಮ ದಾರ್ಶನಿಕರು ಬಹಳ ಮೆಚ್ಚಿಕೊಂಡರು. ಬೌದ್ಧ ಪಂಡಿತ ವಸುಬಂಧು ತನ್ನ ‘ವಿಂಶತಿಕಾ’ದ ಆರಂಭದಲ್ಲಿಯೇ, ತಿಮಿರರೋಗಿಗೆ ಇಲ್ಲದ ಕೂದಲು ಕಾಣುವ ಹಾಗೆ ನಮಗೆ ಈ ಹೊರಜಗತ್ತು ಕಾಣುತ್ತಿದೆ ಎಂದು ವಾದ ಹೂಡಿದ್ದಾನೆ. ದೃಷ್ಟಾಂತವೇನೋ ಸೊಗಸಾದದ್ದೇ. ಆದರೆ ಆ ರೋಗಿಯ ಪಾಡು ಮುಂದೇನಾಯಿತು ಎಂಬುದನ್ನು ವೈದ್ಯರನ್ನೇ ಕೇಳಬೇಕು. ವಾಗ್ಭಟನ ಲೆಕ್ಕದಲ್ಲಿ ತಿಮಿರ ಬೆಳೆದರೆ ಕಾಚ, ಕಾಚ ಬೆಳೆದರೆ ಲಿಂಗನಾಶ, ಅಂದರೆ ಕುರುಡು. ಗ್ರೀಕರ ಗ್ಯಾಲೆನ್ ಕೂಡ ಕಣ್ಣೆದುರಿನ ನೊಣವನ್ನು ಬರಲಿರುವ ಪೊರೆಯ ಮುನ್ಸೂಚನೆಯೆಂದೇ ಎಣಿಸಿದ್ದನು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕಿರುವ ಹೆಸರಿನ ಅರ್ಥವೂ ‘ಹಾರುವ ನೊಣಗಳು’ ಎಂದೇ. ದೇಶ ಬೇರೆಯಾದರೂ ನೊಣ ಒಂದೇ. ಅದರ ಹಿಂದಿನ ಭಯವೂ ಒಂದೇ.

ಆ ಭಯಕ್ಕೆ ಇದ್ದ ಮದ್ದು ಸೂಜಿ. ಮಸುಕಾದ ಮಸೂರವನ್ನು ಶಲಾಕೆಯಿಂದ ಕೆಳಕ್ಕೆ ತಳ್ಳುವ ವಿಧಾನವನ್ನು ಸುಶ್ರುತನೇ ವಿವರಿಸಿದ್ದಾನೆ. ಇಂಥ ಕಣ್ಣಿಗೆ ಮಾತ್ರ ಮಾಡಬೇಕು, ಇಂಥದಕ್ಕೆ ಕೂಡದು ಎಂಬ ವಿವೇಕವೂ ಅವನಲ್ಲಿತ್ತು. ಕಾಲಾನಂತರದಲ್ಲಿ ವಿವೇಕ ಹಿಂದುಳಿದು ಸೂಜಿಯಷ್ಟೇ ಊರೂರು ತಿರುಗಿತು. ನಮ್ಮ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತಷ್ಟೆ. ಆ ಮದರಾಸಿನಲ್ಲಿ 1819ರಷ್ಟು ಹಿಂದೆಯೇ ಕಣ್ಣಿನ ಆಸ್ಪತ್ರೆ ಹುಟ್ಟಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ಟರ ಬಳಿಗೆ ಹೀಗೆ ಸೂಜಿ ಹಾಕಿಸಿಕೊಂಡು ಕಣ್ಣು ಕೆಡಿಸಿಕೊಂಡವರು ತಂಡತಂಡವಾಗಿ ಬರುತ್ತಿದ್ದರು. 1917ರಲ್ಲಿ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಈ ವಿಷಯವನ್ನೇ ಕುರಿತು ಉಪನ್ಯಾಸಗಳನ್ನು ಕೊಟ್ಟರು.

ನೊಣದ ಗುಟ್ಟು ಅಷ್ಟರಲ್ಲಿ ಬಯಲಾಗಿತ್ತು. ನೋಟ ಮೂಡುವುದು ಮಸೂರದಲ್ಲಲ್ಲ, ಕಣ್ಣಿನ ಹಿಂಗೋಡೆಯ ರೆಟಿನಾದ ಮೇಲೆ ಎಂದು ಕೆಪ್ಲರ್ 1604ರಲ್ಲಿ ತೋರಿಸಿದ್ದನು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬದುಕಿರುವ ಮನುಷ್ಯನ ಕಣ್ಣೊಳಗೆ ಇಣುಕುವ ಉಪಕರಣವನ್ನು ಪ್ರಕಟಿಸಿದನು. ಮಸೂರಕ್ಕೂ ರೆಟಿನಾಕ್ಕೂ ನಡುವೆ ಸುಮಾರು ನಾಲ್ಕು ಮಿಲಿಲೀಟರಿನಷ್ಟು ತಿಳಿಯಾದ ಲೋಳೆ ತುಂಬಿದೆ. ಅದರ ಬಹುಭಾಗ ನೀರೇ. ವಯಸ್ಸಾದಂತೆ ಈ ಲೋಳೆ ಅಲ್ಲಲ್ಲಿ ನೀರಾಗುತ್ತದೆ, ಅದರೊಳಗಿನ ಸೂಕ್ಷ್ಮ ಎಳೆಗಳು ಗುಂಪುಗೂಡುತ್ತವೆ. ನಾವು ನೊಣವೆಂದು ಕಾಣುವುದು ರೆಟಿನಾದ ಮೇಲೆ ಬಿದ್ದ ಅವುಗಳ ನೆರಳನ್ನು. ಕಣ್ಣು ಹೊರಳಿದರೆ ಅದೂ ಹೊರಳುತ್ತದೆ, ಹಿಡಿಯಹೋದರೆ ಜಾರುತ್ತದೆ. ಅದಕ್ಕೂ ಪೊರೆಗೂ ಸಂಬಂಧವೇ ಇಲ್ಲ. ಬಹುಮಟ್ಟಿಗೆ ನಿರುಪದ್ರವಿ, ಕೆಲವು ತಿಂಗಳಲ್ಲಿ ಮನಸ್ಸು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಇದನ್ನು ಕರಗಿಸುವ ಹನಿಯಾಗಲಿ ಕಣ್ಣಿನ ವ್ಯಾಯಾಮವಾಗಲಿ ಇಲ್ಲ. ಇದೆಯೆಂದು ಮಾರುವವರು ಮಾತ್ರ ಧಾರಾಳವಾಗಿದ್ದಾರೆ.

ಹಾಗಾದರೆ ಪ್ರಾಚೀನರ ಭಯ ಬರಿಯ ಹುಸಿಯೇ? ಪೂರ್ತಿ ಹುಸಿಯಲ್ಲ. ನೀರಾದ ಲೋಳೆ ಐವತ್ತು ಅರವತ್ತರ ಪ್ರಾಯದಲ್ಲಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ದೂರದೃಷ್ಟಿ ಮಂದವಾಗಿ ದಪ್ಪ ಕನ್ನಡಕ ಹಾಕುವವರಲ್ಲಿ ಇನ್ನೂ ಮೊದಲೇ. ಬಿಡಿಸಿಕೊಳ್ಳುವಾಗ ಜಗ್ಗಿದರೆ ಕಣ್ಣಂಚಿನಲ್ಲಿ ಮಿಂಚು ಹೊಳೆದಂತಾಗುತ್ತದೆ. ಕೆಲವರಲ್ಲಿ ಆ ಜಗ್ಗಾಟಕ್ಕೆ ರೆಟಿನಾ ಹರಿಯುತ್ತದೆ, ಹರಕಿನೊಳಗೆ ನೀರು ನುಗ್ಗಿ ಪಟಲವೇ ಗೋಡೆಯ ಸುಣ್ಣದ ಹಾಗೆ ಕಳಚಿಕೊಳ್ಳುತ್ತದೆ. ಇದಕ್ಕೆ ಚಿಕಿತ್ಸೆಯೇ ಇಲ್ಲವೆಂಬ ಕಾಲವಿತ್ತು. ಮೂಲ ಇರುವುದು ಹರಕಿನಲ್ಲಿ, ಅದನ್ನು ಮುಚ್ಚಿದರೆ ಕಣ್ಣು ಉಳಿಯುತ್ತದೆ ಎಂದು 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೂಲ್ ಗೊನಾಂ ಸಾಧಿಸಿ ತೋರಿಸಿದರು.

ಆದರೆ ನಮ್ಮ ಕಡೆಗೆ ಬಂದು ನೆಲೆಸಿದ ತಿಳಿವಳಿಕೆ ಬೇರೆ. ಅದನ್ನು ತಂದವರು ಪ್ರಾತಃಸ್ಮರಣೀಯರು: ಬೀಳಗಿಯ ಡಾ. ಎಂ. ಸಿ. ಮೋದಿ. ಆಸ್ಪತ್ರೆಗೆ ಬರಲಾಗದವರ ಊರಿಗೆ ಆಸ್ಪತ್ರೆಯನ್ನೇ ಒಯ್ದ ಮಹಾನುಭಾವರು ಅವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆಗಳನ್ನು ತೆಗೆದರು. 1990ರ ಹೊತ್ತಿಗೆ ಅವರ ಶಸ್ತ್ರಕ್ರಿಯೆಗಳ ಲೆಕ್ಕ ಆರು ಲಕ್ಷದ ಹತ್ತಿರಕ್ಕೆ ಬಂದಿತ್ತು. 2005ರಲ್ಲಿ ತೀರಿಕೊಂಡ ಅವರಿಗೆ ಉತ್ತರ ಕರ್ನಾಟಕ ಎಷ್ಟು ಕೈ ಮುಗಿದರೂ ಕಡಿಮೆಯೇ. ಅಂದಿನ ಶಸ್ತ್ರಕ್ರಿಯೆಯಲ್ಲಿ ಮಸೂರವನ್ನು ಪೂರ್ತಿ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಆದ್ದರಿಂದ ಪೊರೆ ಬಲಿಯುವ ತನಕ ಕಾಯಿರಿ ಎಂಬುದು ಎಲ್ಲೆಡೆಯೂ ವೈದ್ಯರ ಸಲಹೆಯಾಗಿತ್ತು. ಆ ಕಾಲಕ್ಕೆ ಅದು ಸರಿಯಾದ ಮಾತೇ. ಆದರೆ ಶಿಬಿರಗಳು ಮುಗಿದ ಮೇಲೂ ಜನರ ಬಾಯಲ್ಲಿ ಎರಡು ಮಾತು ಉಳಿದುಬಿಟ್ಟವು: ಕಣ್ಣಿಗೆ ಏನಾದರೂ ಅದು ಪೊರೆ, ಪೊರೆ ಬಲಿಯಬೇಕು.

ಹಗರಿಯ ದಂಡೆಯ ರಾರಾವಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಭತ್ತದ ಗದ್ದೆಯವರು, ಅರವತ್ತು ದಾಟಿದವರು. ಆರು ವರ್ಷಗಳ ಹಿಂದೆ ಹಬ್ಬಕ್ಕೆ ಹೋದಾಗ ಅವರು ಮುಖವನ್ನು ಓರೆಮಾಡಿ ನನ್ನನ್ನು ನೋಡುತ್ತಿದ್ದರು. “ಏನ್ ಮಾವ, ಕಣ್ಣಿಗೇನಾತು?” ಎಂದೆ.

“ಪೊರಿ ಬರಾಕತ್ತೈತಪ್ಪ. ಮೊದ್ಲು ಒಮ್ಮಿಂದೊಮ್ಮೆ ನೊಣ ಎದ್ದಂಗ ಆತು, ರಾತ್ರಿ ಮಿಂಚು ಹೊಡೀತಿತ್ತು. ಈಗ ಒಂದು ಬಾಜು ಪರದೆ ಎಳ್ದಂಗ ಆಗೈತಿ. ಬಲೀಲಿ ತಡಿ, ಸುಗ್ಗಿ ಮುಗಿದ ಮ್ಯಾಲ ತೆಗಿಸಿದ್ರಾತು.”

ಅಷ್ಟು ಹೊತ್ತಿಗೆ ಮೂರು ವಾರ ಕಳೆದಿತ್ತು. ಮರುದಿನವೇ ಬಳ್ಳಾರಿಗೆ ಕರೆದುಕೊಂಡು ಬಂದೆ. ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ, ಬಹಳ ಹೊತ್ತು ನೋಡಿ, ಪಟಲ ಕಳಚಿದ್ದು ನಡುಭಾಗವನ್ನೂ ದಾಟಿದೆ ಎಂದರು. ಶಸ್ತ್ರಕ್ರಿಯೆಯಿಂದ ಅದನ್ನು ಮತ್ತೆ ಕೂರಿಸಿದರು. ಆದರೂ ಆ ಕಣ್ಣಿಗೆ ಇಂದು ಮುಂದೆ ಹಿಡಿದ ಬೆರಳುಗಳನ್ನು ಎಣಿಸುವಷ್ಟೇ ದೃಷ್ಟಿ. ಮಾವ ಹೇಳಿದ್ದರಲ್ಲಿ ಒಂದೊಂದು ಲಕ್ಷಣವೂ ಪುಸ್ತಕದಲ್ಲಿ ಬರೆದಿಟ್ಟಷ್ಟು ಸರಿಯಾಗಿತ್ತು. ಹೆಸರೊಂದು ಮಾತ್ರ ತಪ್ಪಾಗಿತ್ತು. ನಡುಭಾಗ ಕಳಚುವ ಮುನ್ನ ಬಂದಿದ್ದರೆ ಓದುವ ದೃಷ್ಟಿ ಉಳಿಯುವ ಸಂಭವ ಬಹಳವಿತ್ತು ಎಂದು ವೈದ್ಯರು ಹೇಳಿದಾಗ ಅವರು ಮಾತಾಡಲಿಲ್ಲ.

ಹಳೆಯ ನೊಣ ಒಂದೆರಡು ಇದ್ದರೆ ಬಿಡುವಾದಾಗ ತೋರಿಸಿದರೆ ಸಾಕು. ಹಿಂಡಾಗಿ ಹಠಾತ್ತನೆ ಎದ್ದರೆ, ಮಿಂಚು ಕಂಡರೆ, ಅಂಚಿನಿಂದ ಪರದೆ ಇಳಿದರೆ ಅಂದೇ ಹೋಗಬೇಕು. ನೋವಿಲ್ಲವಲ್ಲ ಎಂದು ತಡೆಯಕೂಡದು, ರೆಟಿನಾಕ್ಕೆ ನೋಯುವುದೇ ತಿಳಿಯದು. ಸಕ್ಕರೆ ಕಾಯಿಲೆಯವರಲ್ಲಿ ಕಣ್ಣೊಳಗೆ ರಕ್ತ ಜಿನುಗಿದರೂ ಮೊದಲು ಕಾಣುವುದು ಇದೇ ನೊಣ, ಇದೇ ಜೇಡರಬಲೆ. ಅವರು ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ತೋರಿಸಲೇಬೇಕು. ಆಗಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ; ಎರಡೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ.

ಮಾವನ ಇನ್ನೊಂದು ಕಣ್ಣನ್ನೂ ವೈದ್ಯರು ಅಂದೇ ನೋಡಿದ್ದರು. ಅದರ ಅಂಚಿನಲ್ಲಿಯೂ ಸಣ್ಣದೊಂದು ಹರಕು ಸಿಕ್ಕಿತು. ಲೇಸರ್ ಬೆಳಕಿನಿಂದ ಅದರ ಸುತ್ತ ಬೆಸುಗೆ ಹಾಕುವುದಕ್ಕೆ ಹಿಡಿದದ್ದು ಕಾಲು ಗಂಟೆ. ಈಗ ಅವರು ಪತ್ರಿಕೆ ಓದುವುದೂ, ಗದ್ದೆಗೆ ನೀರು ಬಿಡುವುದೂ ಆ ಕಣ್ಣಿನಿಂದಲೇ.